ಹಳೆಯ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸುವ ಮೊದಲು

ಮಕ್ಕಳೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ಈಗ ಒಂದು ಲ್ಯಾಪ್‌ಟಾಪ್ ಇದೆ. ಹೊಸದಲ್ಲ. ಅಣ್ಣನ ಆಫೀಸಿನವರು ಬೇಡವೆಂದು ಕೊಟ್ಟದ್ದೋ, ಮಡಗಾಂವ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದೋ ಇರಬೇಕು. ಹತ್ತು ಹನ್ನೆರಡು ವರ್ಷದ ಯಂತ್ರ. ಆನ್ ಮಾಡಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಆ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತದೆ. ಯಾರನ್ನು ಕೇಳಿದರೂ ಒಂದೇ ಉತ್ತರ: "ರ‍್ಯಾಮ್ ಹಾಕ್ಸಿ, ಸರಿಹೋಗ್ತದೆ."

ಸರಿಹೋಗಬಹುದು, ಹೋಗದೆಯೂ ಇರಬಹುದು. ಜ್ವರ ಬಂದವರಿಗೆಲ್ಲ ಒಂದೇ ಗುಳಿಗೆ ಕೊಟ್ಟ ಹಾಗೆ ಆಗಬಾರದು. ನಮ್ಮ ಸಾವರ್ಡೆ, ಕುಡಚಡೆ ಭಾಗದ ಮನೆಗಳಲ್ಲಿ ದುಡ್ಡು ಹೇಗೆ ಬರುತ್ತದೆ, ಹೇಗೆ ನಿಲ್ಲುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಅದಿರಿನ ಗಣಿಗಳು ನಿಂತಾಗ ಏನೇನಾಯಿತು ಅಂತ ಮನೆಯಲ್ಲಿ ದೊಡ್ಡವರನ್ನು ಕೇಳಿ ನೋಡಿ. ಅಪ್ಪನ ಎರಡು ಮೂರು ದಿನದ ಕೂಲಿಯನ್ನು ಬೆರಳುದ್ದದ ಒಂದು ಹಸಿರು ಪಟ್ಟಿಗೆ ಕೊಡುವ ಮೊದಲು, ಆ ಪಟ್ಟಿ ನಿಜವಾಗಿ ಬೇಕೇ, ಬೇಕಿದ್ದರೆ ಯಾವುದು ಬೇಕು ಎಂದು ನಾವೇ ಅಳೆದು ನೋಡಬಹುದು. ಇದಕ್ಕೆ ಬೇಕಾದ ವಿಜ್ಞಾನ ನಿಮ್ಮ ಪಠ್ಯದಲ್ಲೇ ಇದೆ: ವಿದ್ಯುದಾವೇಶ, ವೋಲ್ಟೇಜು, ಘಾತಾಂಕಗಳು. ಅಷ್ಟು ಸಾಕು.

ಅಂಗಡಿಯ ಕೌಂಟರು, ಹೊಳೆಯಾಚೆಯ ಗೋದಾಮು

ಸಾವರ್ಡೆಯಲ್ಲಿ ಒಂದು ಕಿರಾಣಿ ಅಂಗಡಿ ಇದೆ ಅಂದುಕೊಳ್ಳಿ. ಅದರ ಗೋದಾಮು ಹೊಳೆ ದಾಟಿ ಕುಡಚಡೆಯಲ್ಲಿದೆ. ಕೌಂಟರಿನ ಮೇಲೆ ಇಟ್ಟ ಸಾಮಾನನ್ನು ಕೈ ಚಾಚಿ ಕೊಡಬಹುದು. ಅಲ್ಲಿ ಇಲ್ಲದ್ದಕ್ಕೆ ಹುಡುಗನನ್ನು ಸೇತುವೆಯಾಚೆ ಓಡಿಸಬೇಕು. ಕಂಪ್ಯೂಟರಿನಲ್ಲಿ ರ‍್ಯಾಮ್ ಎಂದರೆ ಆ ಕೌಂಟರು, ಹಾರ್ಡ್ ಡಿಸ್ಕ್ ಎಂದರೆ ಗೋದಾಮು. ಕೌಂಟರು ಚಿಕ್ಕದಾಗಿ ಗಿರಾಕಿ ಜಾಸ್ತಿಯಾದರೆ ಹುಡುಗ ದಿನವಿಡೀ ಸೇತುವೆಯ ಮೇಲೇ ಇರುತ್ತಾನೆ. ಒಂದನ್ನು ತರಬೇಕಾದರೆ ಇನ್ನೊಂದನ್ನು ಗೋದಾಮಿಗೆ ವಾಪಸ್ ಒಯ್ದು ಜಾಗ ಮಾಡಬೇಕು. ಕಂಪ್ಯೂಟರಿನವರು ಇದನ್ನು ಸ್ವಾಪಿಂಗ್ ಎನ್ನುತ್ತಾರೆ. ನಿಮ್ಮ ಲ್ಯಾಪ್‌ಟಾಪಿನ ಕೆಂಪು ಅಥವಾ ಬಿಳಿ ದೀಪ ಬಿಡದೆ ಮಿಣುಕುವಾಗ, ಒಳಗಿನಿಂದ ಕರಕರ ಸದ್ದು ಬರುವಾಗ, ಹುಡುಗ ಸೇತುವೆಯ ಮೇಲೆ ಓಡುತ್ತಿದ್ದಾನೆ.

ಈ ಓಟ ಎಷ್ಟು ದೂರದ್ದು? ಲೆಕ್ಕ ಹಾಕೋಣ. ರ‍್ಯಾಮ್‌ನಿಂದ ಒಂದು ಮಾಹಿತಿ ಪ್ರೊಸೆಸರಿಗೆ ಬರಲು ಸುಮಾರು 100 ನ್ಯಾನೊಸೆಕೆಂಡು ಹಿಡಿಯುತ್ತದೆ ಎನ್ನಿ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 60 ÷ 5400 = 0.0111 ಸೆಕೆಂಡು, ಅಂದಾಜು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಸರಿಯಾದ ಪಥಕ್ಕೆ ಸರಿಯುವ ಸಮಯ ಬೇರೆ. ಎರಡೂ ಸೇರಿ 10 ಮಿಲಿಸೆಕೆಂಡಿಗೆ ಕಡಿಮೆ ಇರುವುದಿಲ್ಲ. 100 ನ್ಯಾನೊಸೆಕೆಂಡಿಗೂ 10 ಮಿಲಿಸೆಕೆಂಡಿಗೂ ಅಂತರ ಒಂದು ಲಕ್ಷ ಪಟ್ಟು. ಕೌಂಟರಿನಿಂದ ಸಾಮಾನು ಕೊಡಲು ಒಂದು ಸೆಕೆಂಡು ಆದರೆ, ಗೋದಾಮಿನಿಂದ ತರಲು ಒಂದು ಲಕ್ಷ ಸೆಕೆಂಡು, ಅಂದರೆ ಸುಮಾರು 28 ಗಂಟೆ! ಕುಡಚಡೆ ಅಲ್ಲ, ವಿಜಯಪುರಕ್ಕೆ ಹೋಗಿ ಬಂದ ಹಾಗಾಯಿತು.

ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅಲ್ಲಿ ಕಾಯುವುದು ಸುಮಾರು 0.1 ಮಿಲಿಸೆಕೆಂಡು. ಮೇಲಿನ ಅಳತೆಯಲ್ಲಿ ಅದು 1000 ಸೆಕೆಂಡು, ಹದಿನೇಳು ನಿಮಿಷದ ಹತ್ತಿರ. ರ‍್ಯಾಮ್‌ಗೆ ಹೋಲಿಸಿದರೆ ಇನ್ನೂ ನಿಧಾನವೇ, ಆದರೆ 28 ಗಂಟೆಯ ಮುಂದೆ ಹದಿನೇಳು ನಿಮಿಷ! ಈ ಎರಡು ಸಂಖ್ಯೆ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೊದಲು ನಾಡಿ ಹಿಡಿಯಿರಿ

ನಮ್ಮ ಹತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಸರ್, ಅಣ್ಣ ಕೊಟ್ಟ ಲ್ಯಾಪ್‌ಟಾಪ್ ಭಾಳ ಸ್ಲೋ ಆಗೇತ್ರಿ. ರ‍್ಯಾಮ್ ಹಾಕ್ಸಿದ್ರ ಸಾಕೇನ್ರಿ?" ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಂದು ತೋರಿಸು ಅಂದೆ. ವಿಂಡೋಸ್ 10 ಇತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟ. ಲಿನಕ್ಸ್ ಇದ್ದರೆ ಸಿಸ್ಟಮ್ ಮಾನಿಟರ್ ಎಂದಿರುತ್ತದೆ.

ಏನೂ ತೆರೆಯದೆ ಸುಮ್ಮನೆ ಇಟ್ಟಾಗ ಅವಳ ಯಂತ್ರದ 4 ಜಿಬಿ ರ‍್ಯಾಮ್‌ನಲ್ಲಿ ಅರ್ಧದಷ್ಟು ಆಗಲೇ ತುಂಬಿತ್ತು. "ದಿನಾ ಏನು ಮಾಡ್ತೀಯೋ ಅದನ್ನೇ ಮಾಡು" ಅಂದೆ. ಬ್ರೌಸರಿನಲ್ಲಿ ಆರು ಪುಟ, ಒಂದು ಪಾಠದ ವಿಡಿಯೋ, ಒಂದು ವರ್ಡ್ ಕಡತ. ಮೆಮೊರಿಯ ಗೆರೆ ಶೇಕಡಾ 90 ದಾಟಿ ಅಲ್ಲೇ ಕೂತಿತು. ಅದೇ ಹೊತ್ತಿಗೆ ಡಿಸ್ಕಿನ ಗೆರೆ 100ಕ್ಕೆ ಏರಿತು. ಪುಟಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ ಹಾಗೆ ಎರಡೂ ಒಟ್ಟಿಗೆ ಇಳಿದವು. ಇದು ಕೌಂಟರು ಸಾಲದ ಯಂತ್ರ. ಇದಕ್ಕೆ ರ‍್ಯಾಮ್ ಹಾಕಿದರೆ ಉಪಯೋಗ ಇದೆ.

ಅದೇ ವಾರ ಇನ್ನೊಬ್ಬನ ಯಂತ್ರ ನೋಡಿದೆವು. ಅದರಲ್ಲಿ 8 ಜಿಬಿ ಇತ್ತು, ಅರ್ಧವೂ ತುಂಬಿರಲಿಲ್ಲ. ಆದರೂ ಡಿಸ್ಕಿನ ಗೆರೆ 100ರಲ್ಲೇ ನಿಂತಿತ್ತು. ಇಲ್ಲಿ ಕೌಂಟರು ಖಾಲಿ ಬಿದ್ದಿದೆ, ನಿಧಾನವಾಗಿರುವುದು ಗೋದಾಮು. ಇದಕ್ಕೆ ಇನ್ನೂ 8 ಜಿಬಿ ಹಾಕಿಸಿದರೆ ಖಾಲಿ ಕೌಂಟರನ್ನು ಉದ್ದ ಮಾಡಿದ ಹಾಗೆ. ಅದೇ ದುಡ್ಡಿಗೆ ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಆ 28 ಗಂಟೆ ಹದಿನೇಳು ನಿಮಿಷಕ್ಕೆ ಇಳಿಯುತ್ತದೆ. ಆನ್ ಆಗಲು ತಡ ಎಂಬುದು ಒಂದೇ ನಿಮ್ಮ ದೂರಾಗಿದ್ದರೆ, ಹೆಚ್ಚಿನ ಪಾಲು ಕಾರಣ ಹಾರ್ಡ್ ಡಿಸ್ಕೇ, ರ‍್ಯಾಮ್ ಅಲ್ಲ.

ಎರಡೂ ಗೆರೆ ಕೆಳಗಿದ್ದು ಪ್ರೊಸೆಸರಿನ ಗೆರೆ ಮಾತ್ರ ಮೇಲಿದ್ದರೆ? ಹಿಂಬದಿಯ ಫ್ಯಾನಿನ ಕಿಂಡಿ ನೋಡಿ. ನಮ್ಮ ಕಡೆ ರಸ್ತೆ ಬದಿಯ ಮನೆಗಳಲ್ಲಿ ಕೆಂಪು ದೂಳು ಎಲ್ಲಿ ಇಲ್ಲ ಹೇಳಿ. ಕಿಂಡಿ ಕಟ್ಟಿಕೊಂಡರೆ ಪ್ರೊಸೆಸರು ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಬೇಕಾದ್ದು ಕುಂಚ, ರ‍್ಯಾಮ್ ಅಲ್ಲ.

ರ‍್ಯಾಮ್ ತುಂಬುವುದು ಏತರಿಂದ?

"ಕನ್ನಡ ಟೈಪ್ ಮಾಡಿದ್ರೆ ಲ್ಯಾಪ್‌ಟಾಪ್ ಸ್ಲೋ ಆಗ್ತದೆ" ಎಂಬ ಮಾತನ್ನು ಕೆಲವರು ನಂಬಿದ್ದಾರೆ. ಪರೀಕ್ಷಿಸೋಣ. ಯೂನಿಕೋಡಿನಲ್ಲಿ 'ಸಾವರ್ಡೆ' ಎಂಬ ಪದಕ್ಕೆ ಏಳು ಸಂಕೇತ: ಸ, ಆ-ಕಾರದ ಚಿಹ್ನೆ, ವ, ರ, ವಿರಾಮ ಚಿಹ್ನೆ, ಡ, ಎ-ಕಾರದ ಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಒಟ್ಟು 21 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಎಂಬುದು ನಿಜ. ಆದರೆ ನಿಮ್ಮ ಇಡೀ ಪ್ರಬಂಧ ಬರೆದರೂ ಕೆಲವು ಸಾವಿರ ಬೈಟು ಅಷ್ಟೆ.

ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ನೋಡಿ. 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ. ಕಡತವಾಗಿ ಇಟ್ಟಾಗ ಅದನ್ನು ಒತ್ತಿ ಚಿಕ್ಕದು ಮಾಡಿರುತ್ತಾರೆ, ಮೂರು ನಾಲ್ಕು ಎಂಬಿ ಇರಬಹುದು. ತೆರೆದು ಪರದೆಗೆ ತರುವಾಗ ಬಿಚ್ಚಲೇಬೇಕು. ಒಂದು ಚುಕ್ಕಿಗೆ 4 ಬೈಟಿನಂತೆ 4000 × 3000 × 4 = 4,80,00,000 ಬೈಟು. ಒಂದೇ ಫೋಟೋ 'ಸಾವರ್ಡೆ' ಪದದ 22 ಲಕ್ಷ ಪಟ್ಟಿಗಿಂತ ಹೆಚ್ಚು ಜಾಗ ತಿನ್ನುತ್ತದೆ! ಪಾಪ, ಕನ್ನಡದ ಮೇಲೆ ತಪ್ಪು ಹೊರಿಸಬೇಡಿ. ಚಿತ್ರ, ವಿಡಿಯೋ, ಜಾಹೀರಾತು ತುಂಬಿದ ಬ್ರೌಸರ್ ಪುಟಗಳೇ ದೊಡ್ಡ ತಿನ್ನುಬಾಕರು.

ಒಳಗೆ ಏನಿದೆ?

ಇಲ್ಲಿ ಸ್ವಲ್ಪ ನಿಂತು ನೋಡುವುದಕ್ಕೆ ಕಾರಣ ಇದೆ. ಯಾವ ರ‍್ಯಾಮ್ ಕೊಳ್ಳಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ರ‍್ಯಾಮ್‌ನ ಒಂದು ಬಿಟ್ ಎಂದರೆ ಒಂದು ಪುಟ್ಟ ಕೆಪಾಸಿಟರ್ ಮತ್ತು ಅದರ ಬಾಗಿಲು ಕಾಯುವ ಒಂದು ಟ್ರಾನ್ಸಿಸ್ಟರ್. ಕೆಪಾಸಿಟರಿನಲ್ಲಿ ಆವೇಶ ಇದೆಯೋ ಇಲ್ಲವೋ ಎಂಬುದೇ 1 ಮತ್ತು 0. ಈ ಸರಳ ಜೋಡಿಯನ್ನು 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಯೋಚಿಸಿದರು, 1968ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಬಂದ ಇಂಟೆಲ್ 1103 ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್. ಈಗ 8 ಜಿಬಿಯ ಪಟ್ಟಿಯಲ್ಲಿ ಎಷ್ಟು? 8 ಜಿಬಿ ಎಂದರೆ 2ರ ಘಾತ 33 ಬೈಟು, ಬಿಟ್‌ಗಳಲ್ಲಿ 2ರ ಘಾತ 36. ಬಿಡಿಸಿದರೆ 68,71,94,76,736. ಆರು ಸಾವಿರದ ಎಂಟುನೂರ ಎಪ್ಪತ್ತೊಂದು ಕೋಟಿ ಚಿಲ್ಲರೆ ಕೆಪಾಸಿಟರುಗಳು, ನಿಮ್ಮ ಅಂಗೈಯಲ್ಲಿ.

ಈ ಕೆಪಾಸಿಟರುಗಳು ಸೋರುತ್ತವೆ, ತೂತು ಬಿದ್ದ ಕೊಡದ ಹಾಗೆ. ಅದಕ್ಕೆ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಹೆಸರಿನಲ್ಲಿರುವ ಡೈನಾಮಿಕ್ ಎಂಬ ಪದ ಬಂದದ್ದು ಹಾಗೆ. ವಿದ್ಯುತ್ ಹೋದರೆ ತುಂಬುವವರಿಲ್ಲ. ಸೇವ್ ಮಾಡದ ಪ್ರಬಂಧ ಕರೆಂಟು ಹೋದಾಗ ಮಾಯವಾಗುವುದು ಇದಕ್ಕೇ.

ಕೆಪಾಸಿಟರನ್ನು ತುಂಬುವ ವೋಲ್ಟೇಜು ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತ ಬಂದಿದೆ. ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್3ಎಲ್‌ಗೆ 1.35, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ 1.5ರಿಂದ 1.35ಕ್ಕೆ ಇಳಿದರೆ (1.35 ÷ 1.5)ರ ವರ್ಗ, 0.81. ವೋಲ್ಟೇಜಿನಲ್ಲಿ ಹತ್ತು ಭಾಗ ಇಳಿಸಿದರೆ ಶಕ್ತಿಯಲ್ಲಿ ಹತ್ತೊಂಬತ್ತು ಭಾಗ ಉಳಿತಾಯ. ಬ್ಯಾಟರಿಯ ಮೇಲೆ ಓಡುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಯಾವ ಪಟ್ಟಿ ಕೂರುತ್ತದೆ, ಯಾವುದು ಕೆಲಸ ಮಾಡುತ್ತದೆ

ಲ್ಯಾಪ್‌ಟಾಪಿನ ಪಟ್ಟಿ ಡೆಸ್ಕ್‌ಟಾಪಿನದಕ್ಕಿಂತ ಗಿಡ್ಡ. ಅದನ್ನು ಸೋ-ಡಿಮ್ ಎನ್ನುತ್ತಾರೆ. ಡಿಡಿಆರ್3 ಪಟ್ಟಿಯಲ್ಲಿ 204 ಪಿನ್, ಡಿಡಿಆರ್4ರಲ್ಲಿ 260. ನಡುವಿನ ಕಚ್ಚಿನ ಜಾಗವೂ ಬೇರೆ, ಆದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಅದು ಒಳ್ಳೆಯದೇ, ಗೊಂದಲ ಅಲ್ಲಿಗೇ ಮುಗಿಯಿತು.

ತೊಂದರೆ ಇರುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡಕ್ಕೂ 204 ಪಿನ್, ಕಚ್ಚು ಒಂದೇ ಕಡೆ. ಕೈಯಲ್ಲಿ ಹಿಡಿದರೆ ಅವಳಿಜವಳಿ. 3ಎಲ್ ಪಟ್ಟಿ 1.35 ಮತ್ತು 1.5 ಎರಡು ವೋಲ್ಟೇಜಿನಲ್ಲೂ ನಡೆಯುತ್ತದೆ, ಆದ್ದರಿಂದ ಹಳೆಯ 1.5 ವೋಲ್ಟಿನ ಯಂತ್ರದಲ್ಲೂ ಸಾಮಾನ್ಯವಾಗಿ ಹೊಂದುತ್ತದೆ. ತಿರುಗಾಮುರುಗಾ ಆಗುವುದಿಲ್ಲ. ಇಂಟೆಲ್‌ನ ನಾಲ್ಕನೇ, ಐದನೇ ಪೀಳಿಗೆಯ ಪ್ರೊಸೆಸರಿರುವ ಲ್ಯಾಪ್‌ಟಾಪುಗಳು 1.35 ವೋಲ್ಟನ್ನೇ ಕೊಡುತ್ತವೆ. ಅವಕ್ಕೆ ಬರೀ ಡಿಡಿಆರ್3 ಹಾಕಿದರೆ ಪಟ್ಟಿ ಚೆನ್ನಾಗಿ ಕೂರುತ್ತದೆ, ಯಂತ್ರ ಏಳುವುದಿಲ್ಲ. ಅಂಗಡಿಯವರು "ಎಲ್ಲಾ ಒಂದೇ" ಅಂದರೆ ನಂಬಬೇಡಿ. ಆರನೇ ಪೀಳಿಗೆಯಲ್ಲಂತೂ ಕೆಲವು ಮಾದರಿ 3ಎಲ್, ಕೆಲವು ಡಿಡಿಆರ್4. ವರ್ಷ ನೋಡಿ ಊಹಿಸಲು ಹೋಗಬೇಡಿ, ಒಳಗಿರುವ ಪಟ್ಟಿಯ ಚೀಟಿ ಓದಿ.

ಆ ಚೀಟಿಯ ಮೇಲೆ ಹೀಗಿರುತ್ತದೆ: 4 ಜಿಬಿ, 1ಆರ್×8, ಪಿಸಿ3ಎಲ್-12800ಎಸ್. ಪಿಸಿ3ಎಲ್ ಎಂದರೆ ಡಿಡಿಆರ್3ಎಲ್. 'ಎಲ್' ಇಲ್ಲದಿದ್ದರೆ 1.5 ವೋಲ್ಟಿನದು. ಕೊನೆಯ ಎಸ್ ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯ ಗುರುತು. 12800 ಹೇಗೆ ಬಂತು? ಸೆಕೆಂಡಿಗೆ 1600 ಮಿಲಿಯನ್ ಸಲ, ಪ್ರತಿ ಸಲ 64 ಬಿಟ್, ಅಂದರೆ 8 ಬೈಟು. 1600 × 8 = 12800 ಎಂಬಿ. ಅದೇ ರೀತಿ 10600 ಎಂದಿದ್ದರೆ 1333ರ ಪಟ್ಟಿ.

1333 ಇರುವಲ್ಲಿ 1600 ಹಾಕಿದರೆ ಎರಡೂ ಕಡಿಮೆಯದಕ್ಕೆ ಹೊಂದಿಕೊಂಡು ನಡೆಯುತ್ತವೆ. ಜೋಡೆತ್ತಿನಲ್ಲಿ ಒಂದು ಮೆಲ್ಲಗೆ ನಡೆದರೆ ಗಾಡಿಯೂ ಮೆಲ್ಲಗೆ. ಹಾನಿ ಏನಿಲ್ಲ. ವೇಗದ ಅಂಕಿಗೆ ಹೆಚ್ಚು ದುಡ್ಡು ಕೊಡುವುದು ನನ್ನ ಮಟ್ಟಿಗೆ ವ್ಯರ್ಥ. ನೋಡಿ, 1600ರ ಪಟ್ಟಿಯ ಗಡಿಯಾರದ ಒಂದು ಮಿಡಿತ 1.25 ನ್ಯಾನೊಸೆಕೆಂಡು, ಉತ್ತರ ಕೊಡಲು ಸಾಮಾನ್ಯವಾಗಿ 11 ಮಿಡಿತ: 13.75. 1333ರದ್ದು 1.5 ನ್ಯಾನೊಸೆಕೆಂಡು, 9 ಮಿಡಿತ: 13.5. ಕಾಯುವ ಹೊತ್ತು ಹೆಚ್ಚುಕಮ್ಮಿ ಅಷ್ಟೇ. ದುಡ್ಡು ಹಾಕುವುದಾದರೆ ಜಾಗಕ್ಕೆ ಹಾಕಿ, ವೇಗಕ್ಕೆ ಬೇಡ.

ಎಷ್ಟು ಹಾಕಬೇಕು?

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದು ಕಾಣುತ್ತದೆ. ಆದರೂ ಅದೊಂದನ್ನೇ ನಂಬದೆ ತಳದ ಮುಚ್ಚಳ ತೆಗೆದು ಕಣ್ಣಾರೆ ನೋಡುವುದು ಮೇಲು. ಕೆಲವು ಲ್ಯಾಪ್‌ಟಾಪಿನಲ್ಲಿ ಎರಡನೇ ಸ್ಲಾಟು ಕೀಬೋರ್ಡಿನ ಕೆಳಗೆ ಅಡಗಿರುತ್ತದೆ. ತೆಳು ಮಾದರಿಗಳಲ್ಲಿ ರ‍್ಯಾಮ್ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟೇ ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು, ಎಸ್‌ಎಸ್‌ಡಿ ಕಡೆ ನೋಡಿ.

ಯಂತ್ರಕ್ಕೆ ಒಂದು ಗರಿಷ್ಠ ಮಿತಿಯೂ ಇದೆ. ಉದಾಹರಣೆಗೆ 2012ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ430ರಲ್ಲಿ ಎರಡು ಸ್ಲಾಟು, ಒಂದಕ್ಕೆ 8ರಂತೆ ಒಟ್ಟು 16 ಜಿಬಿ. ನಿಮ್ಮ ಮಾದರಿಯ ಹೆಸರು ತಳದ ಚೀಟಿಯಲ್ಲಿರುತ್ತದೆ. ಅದರ ಸರ್ವಿಸ್ ಕೈಪಿಡಿ ಕಂಪನಿಯ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಮಿತಿಯನ್ನು ಅಲ್ಲೇ ನೋಡಿ. ಇನ್ನೊಂದು ಸೂಕ್ಷ್ಮ: ಮೂರನೇ ಪೀಳಿಗೆ ಮತ್ತು ಅದಕ್ಕಿಂತ ಹಳೆಯ ಇಂಟೆಲ್ ಯಂತ್ರಕ್ಕೆ 8 ಜಿಬಿಯ ಪಟ್ಟಿ ಕೊಳ್ಳುವಾಗ ಕಪ್ಪು ಚಿಪ್ಪುಗಳನ್ನು ಎಣಿಸಿ. ಎರಡೂ ಬದಿ ಸೇರಿ 16 ಇರಬೇಕು, ಚೀಟಿಯಲ್ಲಿ 2ಆರ್×8 ಎಂದಿರಬೇಕು. ಎಂಟೇ ಚಿಪ್ಪಿನಲ್ಲಿ 8 ಜಿಬಿ ತುಂಬಿದ ಹೊಸ ಬಗೆಯ ಪಟ್ಟಿಯನ್ನು ಆ ಹಳೆಯ ಪ್ರೊಸೆಸರುಗಳು ಓದಲಾರವು.

32 ಬಿಟ್ಟಿನ ವಿಂಡೋಸ್ ಇದ್ದರೆ ಇನ್ನೊಂದು ಗೋಡೆ. ವಿಳಾಸ ಬರೆಯಲು 32 ಬಿಟ್ ಇದ್ದರೆ ಒಟ್ಟು ವಿಳಾಸಗಳು 2ರ ಘಾತ 32, ಅಂದರೆ 429,49,67,296. ಅದೇ 4 ಜಿಬಿ. ಅದರಲ್ಲೂ ಸ್ವಲ್ಪ ಗ್ರಾಫಿಕ್ಸ್ ಮುಂತಾದ ಭಾಗಗಳಿಗೆ ಹೋಗಿ ಉಳಿಯುವುದು ಇನ್ನೂ ಕಡಿಮೆ. 64 ಬಿಟ್ಟಿಗೆ ಬದಲಾಯಿಸದೆ 8 ಜಿಬಿ ಹಾಕಿಸಿದರೆ ಮೇಲಿನ ಅರ್ಧ ಸುಮ್ಮನೆ ಕೂತಿರುತ್ತದೆ.

ನಮ್ಮ ಹುಡುಗಿಯ ಯಂತ್ರದಲ್ಲಿ ಒಂದು ಸ್ಲಾಟಿನಲ್ಲಿ 4 ಜಿಬಿಯ ಪಿಸಿ3ಎಲ್ ಇತ್ತು, ಇನ್ನೊಂದು ಖಾಲಿ. ಅಂಗಡಿಯಲ್ಲಿ ಹೇಳಿದ್ದು ಹಳೆಯದನ್ನು ಬಿಸಾಕಿ 8ರದ್ದೊಂದು ಹಾಕಿಸು ಎಂದು. ಅವಳು ಸೇರಿಸಿದ್ದು ಇನ್ನೊಂದು 4 ಜಿಬಿ. ಒಟ್ಟು ಅದೇ 8, ಖರ್ಚು ಕಡಿಮೆ. ಲಾಭ ಇನ್ನೂ ಒಂದಿದೆ: ಒಂದೇ ಅಳತೆಯ ಎರಡು ಪಟ್ಟಿ ಇದ್ದರೆ ಪ್ರೊಸೆಸರು ಎರಡರಿಂದಲೂ ಒಟ್ಟಿಗೆ ಓದುತ್ತದೆ, ಸೇತುವೆಗೆ ಎರಡು ಪಥ ಮಾಡಿದ ಹಾಗೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದರ ಉಪಯೋಗ ಕಾಣುತ್ತದೆ. ಶಾಲೆಯ ಕೆಲಸ, ಪಾಠದ ವಿಡಿಯೋ, ಪ್ರಾಜೆಕ್ಟ್ ಬರೆಯುವುದು ಇಷ್ಟಕ್ಕೆ 8 ಜಿಬಿ ಧಾರಾಳ ಸಾಕು. 16ರ ಆಸೆಗೆ ಬೀಳಬೇಡಿ.

ಬೆಲೆ ನಾನು ಬರೆಯುವುದಿಲ್ಲ, ಅದು ಏರುತ್ತ ಇಳಿಯುತ್ತ ಇರುತ್ತದೆ. ಹಳೆಯ ಯಂತ್ರಕ್ಕೆ ಬಳಸಿದ ಪಟ್ಟಿ ಕೊಂಡರೂ ತಪ್ಪಿಲ್ಲ, ರ‍್ಯಾಮ್ ತಿರುಗಿ ಸವೆಯುವ ವಸ್ತು ಅಲ್ಲ. ಆದರೆ ವಾಪಸ್ ಕೊಡುವ ಅವಕಾಶ ಇದೆಯೇ ಎಂದು ಕೇಳಿ, ಬಿಲ್ಲು ಇಟ್ಟುಕೊಳ್ಳಿ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಷ್ಟೇ ರ‍್ಯಾಮ್ ಹಾಕಿದರೂ ಇಂಥ ಹಳೆಯ ಪ್ರೊಸೆಸರಿನ ಮೇಲೆ ವಿಂಡೋಸ್ 11ಕ್ಕೆ ಕಂಪನಿಯ ಒಪ್ಪಿಗೆ ಇಲ್ಲ. ಲಿನಕ್ಸ್ ಇದೆಯಲ್ಲ! ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸನ್ನೇ ಬಳಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ನಿಮಗೂ ಕಷ್ಟವಾಗದು.

ಕೈ ಹಾಕುವಾಗ

ದೊಡ್ಡವರು ಯಾರಾದರೂ ಜೊತೆಗಿರಲಿ. ಯಂತ್ರ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆಯಿರಿ. ಆಮೇಲೆ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ಆವೇಶ ಇಳಿಯುತ್ತದೆ. ನಿಮ್ಮ ಮೈಯ ಆವೇಶವೂ ಇಳಿಯಬೇಕು. ಚಳಿಗಾಲದಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಊರಿಗೆ ಹೋದಾಗ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತದಲ್ಲ, ಆಗ ಸಾವಿರಾರು ವೋಲ್ಟ್ ಇರುತ್ತದೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್ಪಿನ ಒಳಗಿನ ತೆಳುಪದರವನ್ನು ಸುಡಬಲ್ಲದು. ನಮ್ಮ ಮಳೆಗಾಲದ ತೇವದಲ್ಲಿ ಇದು ಕಡಿಮೆ, ಆದರೂ ಮೊದಲು ಕಬ್ಬಿಣದ ಕಿಟಕಿ ಸರಳು ಮುಟ್ಟಿ. ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಿನ್ ಮುಟ್ಟಬೇಡಿ.

ಕಚ್ಚು ಹೊಂದಿಸಿ, ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡು ಬದಿಯ ಕೊಕ್ಕೆಗಳು ಟಕ್ ಎನ್ನಬೇಕು. ಪಿನ್ನಿನ ಚಿನ್ನದ ಗೆರೆ ಹೊರಗೆ ಕಾಣುತ್ತಿದ್ದರೆ ಇನ್ನೂ ಕೂತಿಲ್ಲ ಎಂದರ್ಥ. ಮೊದಲ ಸಲ ಆನ್ ಮಾಡಿದಾಗ ಸ್ವಲ್ಪ ಹೊತ್ತು ಪರದೆ ಕಪ್ಪಾಗಿಯೇ ಇರಬಹುದು, ಹೊಸ ಪಟ್ಟಿಯನ್ನು ಯಂತ್ರ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಒಂದೆರಡು ನಿಮಿಷವಾದರೂ ಏಳದಿದ್ದರೆ ಆಫ್ ಮಾಡಿ, ತೆಗೆದು ಮತ್ತೆ ಕೂರಿಸಿ. ಎದ್ದ ಮೇಲೆ ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಮೆಮ್‌ಟೆಸ್ಟ್ ಓಡಿಸಿ, ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಫಲಿತಾಂಶ ಸಿಗುತ್ತದೆ. ಒಂದೇ ಒಂದು ದೋಷ ತೋರಿಸಿದರೂ ಆ ಪಟ್ಟಿ ವಾಪಸ್.

ಮಾಡಿ ನೋಡಿ

1. ಚೀಟಿಯಲ್ಲಿ ಪಿಸಿ4-19200 ಎಂದಿದೆ. ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಮಾಹಿತಿ ಸಾಗುತ್ತದೆ? ಅದರ ವೋಲ್ಟೇಜು ಎಷ್ಟು?

2. ನಿಮ್ಮ ಊರಿನ ಹೆಸರಿಗೆ ಯುಟಿಎಫ್-8ರಲ್ಲಿ ಎಷ್ಟು ಬೈಟು? ಒತ್ತಕ್ಷರದ ವಿರಾಮ ಚಿಹ್ನೆ ಎಣಿಸಲು ಮರೆಯಬೇಡಿ.

3. ಮನೆಯ ಅಥವಾ ಶಾಲೆಯ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಒಂದೊಂದೇ ಪುಟ ತೆರೆಯುತ್ತ ಮೆಮೊರಿ ಮತ್ತು ಡಿಸ್ಕಿನ ಶೇಕಡಾವಾರನ್ನು ಬರೆದುಕೊಂಡು ನಕ್ಷೆ ಎಳೆಯಿರಿ. ಎಷ್ಟನೇ ಪುಟಕ್ಕೆ ಹುಡುಗ ಸೇತುವೆ ಹತ್ತಿದ?